ಕ್ಯಾಮೆರಾಗಿಂತ ಮೊದಲು ಲೆಕ್ಕ: ಬಟ್ಟೆ ಅಂಗಡಿಗೆ ಭದ್ರತೆ ಒದಗಿಸುವುದು ಹೇಗೆ?

ವರಮಹಾಲಕ್ಷ್ಮಿ ಹಬ್ಬದ ವ್ಯಾಪಾರ ಮುಗಿದ ಮೇಲೆ ಸ್ಟಾಕ್ ತಾಳೆ ನೋಡಿದರೆ ಒಂದಷ್ಟು ಸೀರೆ ಕಡಿಮೆ ಬೀಳುವುದು ಬಟ್ಟೆ ಅಂಗಡಿಗಳಿಗೆ ಹೊಸದೇನಲ್ಲ. ಆಗ ಮಾಲೀಕರ ಕಣ್ಣು ಮೊದಲು ಬೀಳುವುದು ಕೆಲಸಕ್ಕಿರುವ ಹುಡುಗ ಹುಡುಗಿಯರ ಮೇಲೆ. ಏನೂ ತಪ್ಪು ಮಾಡದವರು ಕಣ್ಣೀರು ಹಾಕಿಕೊಂಡು ಕೆಲಸ ಬಿಟ್ಟು ಹೋಗುವುದೂ ಉಂಟು. ಹೊಸ ಕಾಲದ ಭದ್ರತಾ ಕ್ರಮಗಳಿಂದ ಅಂಗಡಿಗೆ ಆಗುವ ಅತಿ ದೊಡ್ಡ ಉಪಕಾರವೆಂದರೆ, ಅನುಮಾನದ ಜಾಗಕ್ಕೆ ದಾಖಲೆ ಬಂದು ಕೂರುವುದು. ಅದಕ್ಕೆ ದುಬಾರಿ ಉಪಕರಣವೇ ಬೇಕೆಂದಿಲ್ಲ, ಕೆಲಸಗಳನ್ನು ಸರಿಯಾದ ಕ್ರಮದಲ್ಲಿ ಮಾಡಬೇಕು.

ಮೊದಲು ಎಣಿಕೆ

ಮಾಲು ಕಡಿಮೆಯಾಗಲು ಕಳ್ಳತನವೊಂದೇ ಕಾರಣವಲ್ಲ. ಸರಬರಾಜುದಾರರು ಕಡಿಮೆ ಕಳಿಸಿರಬಹುದು, ಬಿಲ್ಲಿನಲ್ಲಿ ಬೇರೆ ಐಟಂ ನಮೂದಾಗಿರಬಹುದು, ಬದಲಾಯಿಸಿ ಕೊಟ್ಟ ಸೀರೆ ದಾಖಲೆಗೆ ಬರದೇ ಇರಬಹುದು. ಆದ್ದರಿಂದ ಬೇಲು ಬಿಚ್ಚುವಾಗಲೇ ಇನ್‌ವಾಯ್ಸ್ ಮುಂದಿಟ್ಟುಕೊಂಡು ಇಬ್ಬರು ಸೇರಿ ಎಣಿಸಿ, ಇಬ್ಬರೂ ಸಹಿ ಹಾಕಿ. ಪ್ರತಿ ಬಟ್ಟೆಗೂ ಬಾರ್‌ಕೋಡ್ ಚೀಟಿ ಅಂಟಿಸಿದ ಮೇಲೆಯೇ ಅದು ಕಪಾಟಿಗೆ ಹೋಗಲಿ. ವರ್ಷಕ್ಕೊಮ್ಮೆ ಅಂಗಡಿ ಮುಚ್ಚಿ ಎಲ್ಲವನ್ನೂ ಎಣಿಸುವುದಕ್ಕಿಂತ ದಿನಕ್ಕೊಂದು ಕಪಾಟು ಎಣಿಸುವುದು ಮೇಲು. ವ್ಯತ್ಯಾಸ ಯಾವ ವಾರ ಶುರುವಾಯಿತೆಂಬುದು ಆಗ ತಿಳಿಯುತ್ತದೆ.

ಬಿಲ್ಲಿಂಗ್ ಕಂಪ್ಯೂಟರಿಗೆ ಎಲ್ಲರೂ ಒಂದೇ ಪಾಸ್‌ವರ್ಡ್ ಬಳಸುವ ಪದ್ಧತಿಯನ್ನು ಇಂದೇ ನಿಲ್ಲಿಸಿ. ಗಲ್ಲಾದಲ್ಲಿ ಕೂರುವ ಪ್ರತಿಯೊಬ್ಬರಿಗೂ ಪ್ರತ್ಯೇಕ ಲಾಗಿನ್ ಇರಲಿ. ಬಿಲ್ ರದ್ದು ಮಾಡುವುದು, ರಿಯಾಯಿತಿ ಕೊಡುವುದು ಮಾಲೀಕರ ಒಪ್ಪಿಗೆಯಿಂದಲೇ ಆಗಲಿ. ಹಣ ಪಡೆದು, ಗಿರಾಕಿ ಹೊರಟ ಮೇಲೆ ಬಿಲ್ ರದ್ದು ಮಾಡುವ ವಂಚನೆ ಕ್ಯಾಮೆರಾದಲ್ಲಿ ಮಾಮೂಲಿ ವ್ಯಾಪಾರದಂತೆಯೇ ಕಾಣುತ್ತದೆ. ಅದನ್ನು ಹಿಡಿಯುವುದು ಬಿಲ್ಲಿನ ದಾಖಲೆ.

ನಂತರ ಅಂಗಡಿಯ ಜೋಡಣೆ

ಹಬ್ಬದ ಸಂಜೆ ಸೀರೆ ವಿಭಾಗವನ್ನು ಗಮನಿಸಿ. ಬಿಳಿ ಹಾಸಿಗೆಯ ಮೇಲೆ ಬಿಚ್ಚಿದ ರೇಷ್ಮೆ ಸೀರೆಗಳ ರಾಶಿ. ಒಬ್ಬರು ನೀಲಿ ಬಣ್ಣ ಕೇಳುತ್ತಾರೆ, ಇನ್ನೊಬ್ಬರು ಮೇಲಿನ ಕಪಾಟಿನತ್ತ ಬೆರಳು ತೋರಿಸುತ್ತಾರೆ, ಮತ್ತೊಬ್ಬರು ಬೆಲೆ ವಿಚಾರಿಸುತ್ತಾರೆ. ತೋರಿಸುವವರು ಕಪಾಟಿನತ್ತ ತಿರುಗಿದ ಆ ಕ್ಷಣದಲ್ಲೇ ರಾಶಿಯ ಅಡಿಯಿಂದ ಒಂದು ಸೀರೆ ಜಾರಿ ಹೋಗುತ್ತದೆ. ಇದಕ್ಕೆ ಪರಿಹಾರ ಸರಳ: ಒಂದು ಸಲಕ್ಕೆ ಆರೇಳು ಸೀರೆಗಿಂತ ಹೆಚ್ಚು ಬಿಚ್ಚಬೇಡಿ, ಬೇಡವೆಂದದ್ದನ್ನು ಮಡಿಸಿ ಹಿಂದಕ್ಕೆ ಇಟ್ಟ ಮೇಲೆಯೇ ಮುಂದಿನದನ್ನು ತೆಗೆಯಿರಿ. ಗುಂಪಾಗಿ ಬಂದವರ ಬಳಿ ತೋರಿಸಲೊಬ್ಬರು, ಮಡಿಸಲೊಬ್ಬರು ನಿಲ್ಲಲಿ.

ಬೆಲೆಬಾಳುವ ಮಾಲು ಬಾಗಿಲಿನಿಂದ ದೂರವಿರಲಿ, ಬಿಲ್ಲಿಂಗ್ ಕೌಂಟರ್ ಬಾಗಿಲಿಗೆ ಮುಖ ಮಾಡಿರಲಿ. ಒಳಗೆ ಬಂದ ಪ್ರತಿಯೊಬ್ಬರನ್ನೂ ‘ಬನ್ನಿ ಅಮ್ಮ, ಏನು ತೋರಿಸಲಿ?’ ಎಂದು ಮುಖ ನೋಡಿ ಮಾತನಾಡಿಸಿ. ಒಳ್ಳೆಯ ಗಿರಾಕಿಗೆ ಇದು ಮರ್ಯಾದೆ, ಕದಿಯಲು ಬಂದವರಿಗೆ ಎಚ್ಚರಿಕೆ.

ಬಾಗಿಲ ಬಳಿ ಅಲಾರಂ ಗೇಟು ಹಾಕಿಸುವವರು ಒಂದು ವಿಷಯ ನೆನಪಿಡಬೇಕು. ಈ ಗೇಟುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎರಡು ಬಗೆ: 58 ಕಿಲೋಹರ್ಟ್ಸ್‌ನವು ಮತ್ತು 8.2 ಮೆಗಾಹರ್ಟ್ಸ್‌ನವು. ಒಂದಕ್ಕೆಂದು ಬಟ್ಟೆಗೆ ಸಿಕ್ಕಿಸುವ ಟ್ಯಾಗ್ ಇನ್ನೊಂದರಲ್ಲಿ ಕೆಲಸ ಮಾಡುವುದಿಲ್ಲ. ಟ್ಯಾಗ್ ತೆಗೆಯಲು ಮರೆತು ಅಲಾರಂ ಹೊಡೆದುಕೊಂಡರೆ ಗಿರಾಕಿಯನ್ನು ಎಲ್ಲರೆದುರು ಚೀಲ ತೆರೆಯಿರಿ ಎನ್ನಬೇಡಿ. ಟ್ಯಾಗ್ ತೆಗೆಯುವುದು ಮರೆತಿರಬಹುದು ಎನ್ನುತ್ತಾ ಕೌಂಟರಿಗೆ ಕರೆದುಕೊಂಡು ಹೋಗಿ, ಬಿಲ್ ನೋಡಿ.

ಈಗ ಕ್ಯಾಮೆರಾ

ಒಮ್ಮೆಗೆ 100 ಅಥವಾ ದಿನಕ್ಕೆ 500 ಮಂದಿ ಸೇರುವ ಜಾಗಗಳಲ್ಲಿ ಸಿಸಿಟಿವಿ ಅಳವಡಿಸಿ, ದೃಶ್ಯಗಳನ್ನು 30 ದಿನ ಉಳಿಸಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಹಾರ್ಡ್ ಡಿಸ್ಕ್ ಕೊಳ್ಳುವಾಗ ಲೆಕ್ಕ ಹಾಕಿ: ಎರಡು ಮೆಗಾಪಿಕ್ಸೆಲ್ ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ದಾಖಲಿಸಿದರೆ ದಿನಕ್ಕೆ ಸುಮಾರು 21 ಜಿಬಿ ಬೇಕು. ನಾಲ್ಕು ಕ್ಯಾಮೆರಾಗಳಿಗೆ ತಿಂಗಳಿಗೆ ಎರಡೂವರೆ ಟಿಬಿಗೂ ಹೆಚ್ಚು. ಒಂದು ಟಿಬಿ ಡಿಸ್ಕ್ ಹಾಕಿಸಿಕೊಂಡರೆ ಹನ್ನೆರಡು ದಿನಕ್ಕೇ ಹಳೆಯದು ಅಳಿಸಿಹೋಗುತ್ತದೆ.

ಛಾವಣಿಗೆ ಅಂಟಿಸಿದ ಕ್ಯಾಮೆರಾದಲ್ಲಿ ನೆತ್ತಿ ಮಾತ್ರ ಕಾಣುತ್ತದೆ. ಬಾಗಿಲಲ್ಲಿ ಒಂದನ್ನಾದರೂ ಮುಖ ಕಾಣುವ ಎತ್ತರಕ್ಕೆ ಹಾಕಿಸಿ. ಇನ್ನೊಂದು ಗಲ್ಲಾದ ಮೇಲೆ, ಮತ್ತೊಂದು ಗೋದಾಮಿನ ಬಾಗಿಲಿಗೆ. ಬಟ್ಟೆ ಬದಲಿಸುವ ಕೋಣೆಯೊಳಗೆ ಯಾವ ಕಾರಣಕ್ಕೂ ಬೇಡ. ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಅದಕ್ಕೆ ಜೈಲು ಶಿಕ್ಷೆಯಿದೆ. ಕ್ಯಾಮೆರಾ ಇದೆಯೆಂಬ ಫಲಕವನ್ನು ಕನ್ನಡದಲ್ಲಿ ಬಾಗಿಲಿಗೆ ಹಾಕಿ. ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆ ಗಲ್ಲಾದ ಕೆಳಗಿದ್ದರೆ ಕಳ್ಳರು ಅದನ್ನೂ ಹೊತ್ತೊಯ್ಯುತ್ತಾರೆ. ಬೇರೆಡೆ ಬೀಗ ಹಾಕಿಡಿ.

ಅಳವಡಿಸಿದವರು ಬಿಟ್ಟುಹೋದ ಪಾಸ್‌ವರ್ಡನ್ನು ಅಂದೇ ಬದಲಿಸಿ. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ಡಿವಿಆರ್‌ಗಳನ್ನು ವಶಪಡಿಸಿಕೊಂಡದ್ದು ಇಂಥ ಬದಲಿಸದ ಪಾಸ್‌ವರ್ಡ್‌ಗಳಿಂದಲೇ. ಡಿವಿಆರ್ ಗಡಿಯಾರವನ್ನೂ ಆಗಾಗ ಸರಿಪಡಿಸಿ. ಬಿಲ್ಲಿನ ಸಮಯಕ್ಕೂ ದೃಶ್ಯದ ಸಮಯಕ್ಕೂ ತಾಳೆಯಾಗದಿದ್ದರೆ ಹುಡುಕುವುದೇ ಕಷ್ಟ.

ಹಣ ಪಡೆಯುವಾಗ

ಕ್ಯೂಆರ್ ಕೋಡ್ ಮೇಲೆ ಇನ್ನೊಂದನ್ನು ಅಂಟಿಸಿ ಹೋಗುವವರಿದ್ದಾರೆ. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಒಂದು ರೂಪಾಯಿ ಕಳಿಸಿ ಪರೀಕ್ಷಿಸಿ. ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ನಂಬಬೇಡಿ, ಸೌಂಡ್‌ಬಾಕ್ಸ್ ಅಥವಾ ನಿಮ್ಮದೇ ಮೊಬೈಲ್ ಹೇಳಬೇಕು. ಹಣ ಪಡೆಯಲು ಪಿನ್ ಒತ್ತುವ ಅಗತ್ಯ ಎಂದೂ ಇಲ್ಲ. ಮೋಸ ಹೋದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. 500 ರೂಪಾಯಿ ನೋಟನ್ನು ಓರೆ ಮಾಡಿದರೆ ಭದ್ರತಾ ಎಳೆಯ ಬಣ್ಣ ಹಸಿರಿನಿಂದ ನೀಲಿಗೆ ತಿರುಗಬೇಕು.

ಕಳ್ಳತನ ಕಣ್ಣಿಗೆ ಬಿದ್ದರೆ

ಕೈ ಮಾಡಬೇಡಿ, ಕೋಣೆಯಲ್ಲಿ ಕೂಡಿಹಾಕಬೇಡಿ, ವಿಡಿಯೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಡಬೇಡಿ. ಅಕ್ರಮವಾಗಿ ಕೂಡಿಹಾಕಿದರೆ ಅಪರಾಧ ನಿಮ್ಮ ತಲೆಗೇ ಬರುತ್ತದೆ. 112ಕ್ಕೆ ಕರೆ ಮಾಡಿ. ಕಣ್ಣೆದುರು ಗಂಭೀರ ಅಪರಾಧ ನಡೆದಾಗ ಸಾಮಾನ್ಯ ನಾಗರಿಕರೂ ಹಿಡಿಯಲು ನಾಗರಿಕ ಸುರಕ್ಷಾ ಸಂಹಿತೆಯ 40ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಆದರೆ ಅನಗತ್ಯ ವಿಳಂಬವಿಲ್ಲದೆ, ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದರೆ ಹೊಸ ಕಾನೂನಿನಲ್ಲಿ ಅದು ಪೊಲೀಸರು ನೇರವಾಗಿ ಬಂಧಿಸಬಹುದಾದ ಅಪರಾಧವಲ್ಲದಿರುವ ಸಾಧ್ಯತೆಯಿದೆ. ಹಾಗಾಗಿ ಹಿಡಿಯುವ ಅವಸರಕ್ಕಿಂತ ದಾಖಲೆ ಉಳಿಸುವುದು ಜಾಣತನ.

ಆ ಹೊತ್ತಿನ ದೃಶ್ಯವನ್ನು ಅದೇ ದಿನ ಪೆನ್‌ಡ್ರೈವ್‌ಗೆ ನಕಲು ಮಾಡಿ. ಕತ್ತರಿಸುವುದು, ಗುರುತು ಹಾಕುವುದು ಬೇಡ. ನ್ಯಾಯಾಲಯದಲ್ಲಿ ಅದು ಸಾಕ್ಷ್ಯವಾಗಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಉಪಕರಣದ ಹೊಣೆ ಹೊತ್ತವರ ಮತ್ತು ತಜ್ಞರ ಸಹಿಯಿರುವ ಪ್ರಮಾಣಪತ್ರ ಬೇಕು. ದೂರಿನ ಜತೆ ಆ ಸೀರೆಯ ಬಾರ್‌ಕೋಡ್ ಸಂಖ್ಯೆ, ಖರೀದಿ ಬಿಲ್ಲು, ಕೊನೆಯ ಎಣಿಕೆಯ ಹಾಳೆಯನ್ನೂ ಠಾಣೆಗೆ ಕೊಟ್ಟು, ಎಫ್‌ಐಆರ್ ದಾಖಲಾದರೆ ಅದರ ಉಚಿತ ಪ್ರತಿ ಕೇಳಿ ಪಡೆಯಿರಿ.