ಕಬ್ಬಿನ ಸಿಪ್ಪೆ ರಾಶಿಯಲ್ಲಿ ಹಿಮಕುಸಿತದ ತಾಲೀಮು: ನನ್ನ ಅನುಭವ

ಹಿಮಕುಸಿತದಲ್ಲಿ ಹೂತುಹೋದವರನ್ನು ಹುಡುಕಿ ತೆಗೆಯೋ ತಾಲೀಮನ್ನು ಪುಣೆಯಲ್ಲೇ ಮಾಡೋಣ ಅಂತ ನಾನು ಅಂದಾಗ ನಮ್ಮ ಕನ್ನಡದ ಚಾರಣ ಗುಂಪಿನಲ್ಲಿ ಎಲ್ಲರೂ ನಕ್ಕಿದ್ದರು. "ಮೊದಲು ಸಿಂಹಗಡದ ಮೇಲೆ ಹಿಮ ಬೀಳಲಿ, ಆಮೇಲೆ ಕರೀರಿ" ಅಂದವರೇ ಈ ಸಲ ಗುಲ್ಮಾರ್ಗ್‌ನಲ್ಲಿ ನನ್ನ ಪಕ್ಕ ಸಲಿಕೆ ಹಿಡಿದು ನಿಂತಿದ್ದರು. ಅಲ್ಲಿನ ಗೈಡ್ ಚೀಲದಲ್ಲಿ ಟ್ರಾನ್ಸೀವರ್ (ಹಿಮದಡಿ ಸಿಕ್ಕವರನ್ನು ಹುಡುಕಲು ಸಿಗ್ನಲ್ ಕಳಿಸೋ, ಹಿಡಿಯೋ ಸಾಧನ) ಇಟ್ಟು ಹಿಮದಲ್ಲಿ ಹೂತಿದ್ದ. ನಾವು ಐದು ನಿಮಿಷದೊಳಗೆ ತೆಗೆದೆವು. ಎಲ್ಲಿ ಕಲಿತಿರಿ ಅಂತ ಕೇಳಿದ. ಪುಣೆ ಅಂದರೆ ನಂಬಲಿಲ್ಲ.

ನನ್ನ ವಾದ ಇಷ್ಟೇ. ಟ್ರಾನ್ಸೀವರ್ ಕಳಿಸೋದು 457 ಕಿಲೋಹರ್ಟ್ಸ್ ಅಲೆ. ಮೇಲಿರೋದು ಹಿಮವೋ ಕಸವೋ ಅದಕ್ಕೆ ಲೆಕ್ಕಕ್ಕಿಲ್ಲ. ಹೂತುಹೋದವರನ್ನು ಹತ್ತು ಹದಿನೈದು ನಿಮಿಷದಲ್ಲಿ ತೆಗೆಯದಿದ್ದರೆ ಬದುಕುವ ಆಸೆ ದಡದಡ ಇಳಿಯುತ್ತೆ. ಅಲ್ಲಿಗೆ ಹೋದ ಮೇಲೆ ಒಂದು ಮಧ್ಯಾಹ್ನ ಕಲಿತರೆ ಕೈ ಪಳಗುತ್ತಾ?

ಮೊದಲು ವಾಘೋಲಿ ಕಡೆ ಒಂದು ಕಟ್ಟಡದ ಮರಳು ರಾಶಿಯಲ್ಲಿ ಮಾಡಿದೆವು. ಪೂರಾ ಫೇಲು. ಕಬ್ಬಿಣದ ಸರಳು, ಮಿಕ್ಸರ್ ಮೋಟಾರು ಎಲ್ಲ ಸೇರಿ ಟ್ರಾನ್ಸೀವರ್ ಪರದೆಯಲ್ಲಿ ದಿಕ್ಕು ತೋರಿಸೋ ಬಾಣದ ಗುರುತು ದಿಕ್ಕುಗೆಟ್ಟು ತಿರುಗಿತು. ಒದ್ದೆ ಮರಳಿಗೆ ಪ್ರೋಬ್ (ಆಳ ತಡಕೋ ಉದ್ದನೆ ಕೋಲು) ಚುಚ್ಚಿದರೆ ಬಾಗಿಯೇ ಹೋಯ್ತು, ನಾಲ್ಕು ಸಾವಿರ ನೀರಿಗೆ. ಮರಳು ಹರಡಿದ್ದಕ್ಕೆ ಕಂಟ್ರಾಕ್ಟರ್ ಕೂಲಿ ಬೇರೆ ವಸೂಲಿ ಮಾಡಿದ. ಟ್ರಾನ್ಸೀವರ್‌ಗಳಿಗೆ ಸುಂಕ ಸೇರಿ ಒಂದೊಂದಕ್ಕೆ ಮೂವತ್ತು ಸಾವಿರದ ಹತ್ತಿರ ಆಗಲೇ ಸುರಿದಿದ್ದೆವು. ಮನೆಯಲ್ಲಿ ಏನಂದರು ಅಂತ ಬರೆಯೋದು ಬೇಡ. ಆಮೇಲೆ ವೇತಾಳ ಟೇಕಡಿ ಗುಡ್ಡದ ತರಗೆಲೆಯಲ್ಲಿ ಅಡಗಿಸಿ ಹುಡುಕಿದೆವು. ಓಡಾಟಕ್ಕೆ ಚೆನ್ನಾಗಿತ್ತು, ಆದರೆ ಆಳವೇ ಇಲ್ಲ. ಮೇಲಾಗಿ ವಾಕಿಂಗ್ ಬಂದವರೆಲ್ಲ "ಕಾಯ್ ಶೋಧ್ತಾಯ್?" (ಏನು ಹುಡುಕ್ತಿದ್ದೀರಿ?) ಅಂತ ನಿಲ್ಲೋರು.

ಕೊನೆಗೆ ಕೈಹಿಡಿದದ್ದು ದೌಂಡ್ ಕಡೆಯ ಒಂದು ಆಲೆಮನೆ. ಒಲೆಗೆ ಅಂತ ಒಣಹಾಕಿದ ಕಬ್ಬಿನ ಸಿಪ್ಪೆ ಆಳೆತ್ತರ ಬಿದ್ದಿರುತ್ತೆ. ಭಾನುವಾರಕ್ಕೆ ಐನೂರು ರೂಪಾಯಿ, ಹರಡಿದ್ದನ್ನು ನಾವೇ ಒಟ್ಟಬೇಕು. ಹಳೇ ಹಾಸಿಗೆ ತುಂಡು ತುಂಬಿದ ಗೋಣಿಚೀಲದಲ್ಲಿ ಟ್ರಾನ್ಸೀವರ್ ಇಟ್ಟು ಒಂದು ಮೀಟರ್ ಕೆಳಗೆ ಹೂತೆವು. ಕಡೇ ಮೂರು ಮೀಟರ್‌ನಲ್ಲಿ ಹುಡುಕುವವರ ಕೈಯಲ್ಲಿನ ಟ್ರಾನ್ಸೀವರನ್ನು ಮೇಲ್ಮೈಗೆ ತಾಗುವಷ್ಟು ತಗ್ಗಿಸಿ, ತಿರುಗಿಸದೆ, ನಿಧಾನಕ್ಕೆ ಸರಿಸಬೇಕು. ಪರದೆಯಲ್ಲಿ ಮೀಟರ್ ಲೆಕ್ಕದ ದೂರ 1.4, 1.1, 1.0, ಮತ್ತೆ 1.3 ಅಂದ ಕೂಡಲೇ ಹಿಂದಕ್ಕೆ, ಆಮೇಲೆ ಅಡ್ಡಕ್ಕೆ. ಅತಿ ಕಡಿಮೆ ಅಂಕಿ ಬಂದಲ್ಲಿಂದ ಸುರುಳಿಯಾಗಿ 25 ಸೆಂಟಿಮೀಟರ್‌ಗೊಂದು ಚುಚ್ಚು. ನೆಲಕ್ಕೆ ತಾಗಿದರೆ ಠಣ್ ಅನ್ನುತ್ತೆ, ಚೀಲಕ್ಕೆ ತಾಗಿದರೆ ಮೆತ್ತಗೆ ಕೈಯನ್ನು ವಾಪಸ್ ದೂಡುತ್ತೆ. ಕಣ್ಣು ಕಟ್ಟಿ ಇದನ್ನೇ ಮಾಡಿಸಿದೆ. ಶುರುವಿನಲ್ಲಿ ಚೀಲ ತಾಗೋಕೆ ಹತ್ತು ಹನ್ನೆರಡು ನಿಮಿಷ ಹಿಡಿಯುತ್ತಿದ್ದವರು ಮೂರು ನಿಮಿಷಕ್ಕೆ ಬಂದರು. ಎರಡು ಟ್ರಾನ್ಸೀವರ್ ಹೇಗಿಟ್ಟರೆ ಹುಡುಕುವವರು ಪೂರ್ತಿ ದಾರಿ ತಪ್ಪುತ್ತಾರೆ ಅನ್ನೋದು ನನ್ನ ಹತ್ತಿರವೇ ಇರಲಿ.

ಸಿಪ್ಪೆ ಅಗೆಯೋದರಲ್ಲಿ ಮಾತ್ರ ಎಲ್ಲರೂ ಹೀರೋಗಳು. ಕುಸಿದು ನಿಂತ ಹಿಮ ಕಾಂಕ್ರೀಟಿನ ಹಾಗೆ ಬಿಗಿಯುತ್ತೆ. ಅದಕ್ಕೆ ಅಗೆತವನ್ನು ಒದ್ದೆ ಮುರುಮಿನಲ್ಲಿ (ಗರಸು ಮಣ್ಣಿನಲ್ಲಿ) ಮಾಡಿಸಿದೆ. ಚುಚ್ಚಿದ ಪ್ರೋಬ್ ಕೀಳದೆ, ಹೂತ ಆಳದ ಒಂದೂವರೆ ಪಟ್ಟು ದೂರದಲ್ಲಿ, ಇಳಿಜಾರಿನ ಕೆಳಗಿಂದ ಅಗೆತ ಶುರು. ಅಗೆಯೋರು ನಿಮಿಷಕ್ಕೊಮ್ಮೆ ಜಾಗ ಬದಲು.

ಸುಮ್ನೆ ಕುತೂಹಲಕ್ಕೆ ಫೋನು, ಸ್ಮಾರ್ಟ್ ವಾಚು, ಪವರ್ ಬ್ಯಾಂಕ್ ಒಂದೊಂದೇ ಹತ್ತಿರ ತಂದು ನೋಡಿದೆವು. ಹುಡುಕುವಾಗ ಇವೆಲ್ಲ ಟ್ರಾನ್ಸೀವರ್‌ನಿಂದ 50 ಸೆಂಟಿಮೀಟರ್ ದೂರ ಇರಲಿ ಅನ್ನೋ ನಿಯಮ ಸುಮ್ಮನೆ ಮಾಡಿದ್ದಲ್ಲ. ಎದೆ ಜೇಬಲ್ಲಿ ಫೋನಿದ್ದರೆ ಇಲ್ಲದ ಸಿಗ್ನಲ್ ಹುಟ್ಟುತ್ತೆ.

ಇಳಿಜಾರಿನ ಪಾಠ ರಾಜಗಡ ಕೋಟೆಯಲ್ಲಿ. ಹುಲ್ಲಿನ ಇಳಿಜಾರು ನೋಡಿ ಎಲ್ಲರೂ 50 ಡಿಗ್ರಿ ಅಂದರು, ಅಳೆದರೆ 37. "ಇಷ್ಟೇನಾ!" ಅಂತ ಸಮಾಧಾನ ಬೇರೆ. ಆದರೆ ಹಿಮದ ಹಲಗೆ (ಬಿಗಿದುಕೊಂಡ ಮೇಲಿನ ಪದರ) ಕಿತ್ತು ಜಾರೋದು ಜಾಸ್ತಿ 30ರಿಂದ 45 ಡಿಗ್ರಿ ನಡುವೆ, ಅದರಲ್ಲೂ 38ರ ಆಸುಪಾಸು. ಈಗ ನಮ್ಮವರು ಅಳೆಯದೆ ಮಾತಾಡಲ್ಲ. ಗುಲ್ಮಾರ್ಗ್‌ನ ಅಫರ್ವತ್ ಬೆಟ್ಟದಲ್ಲಿ 34 ಡಿಗ್ರಿ ಬಂದ ಒಂದು ಕಡೆ ಗಾಳಿ ಹಿಮವನ್ನು ತಂದು ಒಟ್ಟಿತ್ತು. ಯಾರೂ ವಾದ ಮಾಡದೆ ಸುತ್ತು ಹಾಕಿ ಬಂದೆವು.

ಹಿಮದೊಳಗಿನ ಸಡಿಲ ಪದರ ಗುರುತಿಸೋದನ್ನು ಪುಣೆ ಕಲಿಸಲ್ಲ, ಒಪ್ಪುತ್ತೇನೆ. ಅದಕ್ಕೆ ಅಲ್ಲಿನ ಗೈಡ್ ಬೇಕು, ಹಿಮಕುಸಿತದ ಮುನ್ನೆಚ್ಚರಿಕೆ ಕೊಡೋ ಸರ್ಕಾರಿ ಸಂಸ್ಥೆ ಡಿಜಿಆರ್‌ಇ ಬುಲೆಟಿನ್ ಓದಬೇಕು. ಇನ್ನೊಂದು: ಮೇ ತಿಂಗಳಲ್ಲೇ ಟ್ರಾನ್ಸೀವರ್‌ನ ಬ್ಯಾಟರಿ ತೆಗೆದಿಡಿ. ಇಲ್ಲಿಯ ಮಳೆಗಾಲದ ಥಂಡಿಗೆ ನಮ್ಮ ಒಂದು ಟ್ರಾನ್ಸೀವರ್‌ನಲ್ಲಿ ಬ್ಯಾಟರಿ ಸೋರಿ ಅದು ತಾಗೋ ಲೋಹದ ಪಟ್ಟಿ ಹಸಿರುಗಟ್ಟಿತ್ತು, ರಿಪೇರಿಗೆ ಎರಡೂವರೆ ಸಾವಿರ.