ಕ್ಯಾನ್ಸರ್ ನೋವಿಗೆ ಮನೆಯಲ್ಲಿ ಮಾರ್ಫಿನ್ ಕೊಡುವ ಕ್ರಮ

ಗಸಗಸೆ ಗಿಡದ ಹಸಿರು ಕಾಯಿಯನ್ನು ಗೀರಿದರೆ ಒಸರುವ ಹಾಲಿನಲ್ಲೇ ಮಾರ್ಫಿನ್ ಇದೆ. ಟ್ರಮಡಾಲ್, ಫೆಂಟನಿಲ್ ಎಂಬ ನೋವಿನ ಔಷಧಗಳು ಕಾರ್ಖಾನೆಯಲ್ಲಿ ತಯಾರಾಗುವವು. ಗಿಡದ್ದು ಎಂದ ಮಾತ್ರಕ್ಕೆ ಮಾರ್ಫಿನ್ ಸೌಮ್ಯವೆಂದುಕೊಳ್ಳಬೇಡಿ. 50 ಮಿ.ಗ್ರಾಂ ಟ್ರಮಡಾಲ್ ಮಾಡುವ ಕೆಲಸವನ್ನು ಸುಮಾರು 5 ಮಿ.ಗ್ರಾಂ ಮಾರ್ಫಿನ್ ಮಾಡುತ್ತದೆ. ಟ್ರಮಡಾಲ್ ದಿನಕ್ಕೆ 400 ಮಿ.ಗ್ರಾಂ ದಾಟುವಂತಿಲ್ಲ, ಮಾರ್ಫಿನ್‌ಗೆ ಅಂಥ ಮಿತಿ ಇಲ್ಲ, ನೋವು ನೋಡಿಕೊಂಡು ವೈದ್ಯರು ಏರಿಸುತ್ತ ಹೋಗಬಹುದು.

ನೋವು ಬರಲಿ ಎಂದು ಕಾಯಬೇಡಿ, ಗಡಿಯಾರ ನೋಡಿ ಕೊಡಿ. ಸಾದಾ ಮಾತ್ರೆಯ ಪರಿಣಾಮ ಸುಮಾರು 4 ಗಂಟೆ. ವೈದ್ಯರು 10 ಮಿ.ಗ್ರಾಂ ಬರೆದಿದ್ದರೆ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6ಕ್ಕೆ ಒಂದೊಂದು. ರಾತ್ರಿ 10ಕ್ಕೆ, ವೈದ್ಯರು ಹೇಳಿದ್ದರೆ, ಎರಡು. ಆಗ ನಡುರಾತ್ರಿ ಎಬ್ಬಿಸಬೇಕಿಲ್ಲ. ನಡುವೆ ನೋವು ಒದ್ದುಕೊಂಡು ಬಂದರೆ ದಿನದ ಒಟ್ಟು ಪ್ರಮಾಣದ ಆರನೇ ಒಂದು ಪಾಲು, ಇಲ್ಲಿ 10 ಮಿ.ಗ್ರಾಂ, ಹೆಚ್ಚುವರಿಯಾಗಿ ಬರೆದುಕೊಟ್ಟಿರುತ್ತಾರೆ. ಕೊಟ್ಟ ಹೊತ್ತನ್ನು ಚೀಟಿಯಲ್ಲಿ ಗುರುತಿಸಿ. ಅದು ದಿನಕ್ಕೆ ಮೂರು ಸಲ ಬೇಕಾದರೆ ವೈದ್ಯರಿಗೆ ತಿಳಿಸಿ, ನೀವೇ ಏರಿಸಬೇಡಿ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯಾದರೆ ಪುಡಿ ಮಾಡಲೇಬಾರದು: 12 ಗಂಟೆಯ ಔಷಧ ಒಮ್ಮೆಲೇ ಮೈಗೆ ಇಳಿಯುತ್ತದೆ.

ಹೆಚ್ಚಿನ ಮನೆಗಳಲ್ಲಿ ಎಡವಟ್ಟಾಗುವುದು ಮಲಬದ್ಧತೆಯಿಂದ. ವಾಕರಿಕೆ, ಮಂಪರು ಕೆಲವು ದಿನಗಳಲ್ಲಿ ತಗ್ಗುತ್ತವೆ, ಮಲಬದ್ಧತೆ ತಗ್ಗುವುದಿಲ್ಲ. ಹೊಟ್ಟೆ ಕಟ್ಟಿಕೊಂಡು ಒದ್ದಾಡಿದ ರೋಗಿ ಮಾರ್ಫಿನ್ನೇ ಬೇಡವೆನ್ನುತ್ತಾರೆ. ಬಿಸಾಕೊಡಿಲ್ ಅಥವಾ ಸೆನ್ನಾ ಮಾತ್ರೆಯನ್ನು ಮೊದಲ ದಿನದಿಂದಲೇ ಬರೆಸಿಕೊಳ್ಳಿ. ಇಸಬಗೋಲು ಸಾಲದು, ನೀರು ಕಡಿಮೆ ಕುಡಿಯುವವರಲ್ಲಿ ಅದೇ ಗಟ್ಟಿಯಾಗಿ ಕೂರಬಹುದು.

ಮೂತ್ರಪಿಂಡ ಸೋತಿದ್ದರೆ ಮಾರ್ಫಿನ್ ಒಡೆದು ಹುಟ್ಟುವ ಅಂಶಗಳು ಮೈಯಲ್ಲೇ ಉಳಿಯುತ್ತವೆ. ಅಂಥವರಿಗೂ ನುಂಗಲಾಗದವರಿಗೂ ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿ ಅನುಕೂಲ. ಒಂದು ಪಟ್ಟಿ 72 ಗಂಟೆ ಇರುತ್ತದೆ. ಪರಿಣಾಮ ಕಾಣಲು 12 ಗಂಟೆಯಾದರೂ ಬೇಕು. ಅದರ ಮೇಲೆ ಬಿಸಿನೀರಿನ ಚೀಲ ಇಟ್ಟರೆ ಔಷಧ ವೇಗವಾಗಿ ಒಳಸೇರಿ ಅಪಾಯ. ಉರಿಯುವ, ಶಾಕ್ ಹೊಡೆದಂತಾಗುವ ನರದ ನೋವಿಗೆ ಮಾರ್ಫಿನ್, ಫೆಂಟನಿಲ್ ಎರಡೂ ಅರ್ಧಂಬರ್ಧ. ಗ್ಯಾಬಾಪೆಂಟಿನ್‌ನಂಥದ್ದು ಜೊತೆಗೆ ಬೇಕಾಗುತ್ತದೆ.

ಕೂಗಿ ಅಲುಗಿಸಿದರೂ ಎಚ್ಚರವಾಗದೆ, ಉಸಿರು ನಿಮಿಷಕ್ಕೆ 8ಕ್ಕಿಂತ ಕಡಿಮೆಯಾಗಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾದರೆ ಮುಂದಿನ ಮಾತ್ರೆ ಕೊಡದೆ 108ಕ್ಕೆ ಕರೆ ಮಾಡಿ. ನಿದ್ರೆ ಮಾತ್ರೆ, ಮದ್ಯ ಜೊತೆಗೂಡಿದರೆ ಹೀಗಾಗುವ ಸಂಭವ ಹೆಚ್ಚು.

ಚಟ ಹತ್ತೀತೆಂದು ಹೆದರಿ ಪ್ರಮಾಣ ಕಡಿತಗೊಳಿಸಬೇಡಿ, ನೋವು ಇಳಿಯಿತೆಂದು ತಟ್ಟನೆ ನಿಲ್ಲಿಸಲೂಬೇಡಿ: ಬೆವರು, ಭೇದಿ, ತಳಮಳ ಶುರುವಾಗುತ್ತದೆ. ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ. ಮಾತ್ರೆಗಳು ಬೀಗದೊಳಗಿರಲಿ, ಉಳಿದದ್ದನ್ನು ಕೊಟ್ಟ ಆಸ್ಪತ್ರೆಗೇ ಹಿಂತಿರುಗಿಸಿ.