ರಾಪಾಮೈಸಿನ್ ಹಾಕಿ ಎಂಟಾರ್ ಬ್ಲಾಟ್: ನನ್ನ ಅನುಭವ

ಕಿಡ್ನಿ ಕಸಿ ಆದವರು ಸಿರೋಲಿಮಸ್ ಅಂತ ನುಂಗುವ ಔಷಧಿಯೇ ಲ್ಯಾಬಿನಲ್ಲಿ ರಾಪಾಮೈಸಿನ್. ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾದಿಂದ ಸುರೇಂದ್ರನಾಥ ಸೆಹಗಲ್ ಅವರ ತಂಡ ತೆಗೆದದ್ದು. ಆ ದ್ವೀಪದ ಸ್ಥಳೀಯ ಹೆಸರು ರಾಪಾ ನೂಯಿ, ಔಷಧಿಯ ಹೆಸರು ಬಂದದ್ದು ಅಲ್ಲಿಂದ. ಕೋಶದೊಳಗೆ ಇದು ಮೊದಲು ಎಫ್‌ಕೆಬಿಪಿ12 ಪ್ರೋಟೀನಿಗೆ ಅಂಟುತ್ತದೆ, ಆಮೇಲೆ ಎರಡೂ ಸೇರಿ ಎಂಟಾರನ್ನು ಹಿಡಿಯುತ್ತವೆ. ಎಂಟಾರ್ ಅಂದರೆ ಕೋಶದ ಬೆಳವಣಿಗೆ ನಡೆಸುವ ಕೈನೇಸ್, ಬೇರೆ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುವ ಕಿಣ್ವ. ಹೆಚ್ಚು ಅಂತ ಹೇಳುವ ಐಎಲ್-2 ಸಂಕೇತ ಸಿಕ್ಕರೂ ರೋಗನಿರೋಧಕ ಟಿ ಕೋಶ ಹೆಚ್ಚಲಾರದ್ದು ಇದರಿಂದಲೇ. ಔಷಧಿ ಎಂಟಾರನ್ನು ತಡೆಯಿತೇ ಅಂತ ನಾನು ನೋಡುವುದು ಬ್ಲಾಟಿನಲ್ಲಿ, ಅಂದರೆ ಪ್ರೋಟೀನುಗಳನ್ನು ಜೆಲ್‌ನಲ್ಲಿ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸುವ ವಿಧಾನದಲ್ಲಿ.

ಅಣುತೂಕ 914.2. ಹಾಗಾಗಿ 1 ಮಿ.ಗ್ರಾಂ ಪುಡಿಗೆ 1.094 ಮಿ.ಲೀ. ಡಿಎಂಎಸ್‌ಒ (ಔಷಧಿ ಕರಗಿಸುವ ದ್ರಾವಕ) ಹಾಕಿದರೆ 1 ಮಿಲಿಮೋಲಾರ್ ಸ್ಟಾಕ್ (ಮೂಲ ದ್ರಾವಣ). ಪುಡಿ ಮುಚ್ಚಳಕ್ಕೆ ಅಂಟಿರುತ್ತದೆ, ವಯಲ್ ತೆರೆಯುವ ಮೊದಲು ಒಂದು ಸುತ್ತು ಸ್ಪಿನ್ ಮಾಡಿ. 20 ಮೈಕ್ರೋಲೀಟರಿನಂತೆ ಹಂಚಿ, ಬೆಳಕು ತಾಗದ ಹಾಗೆ –20 ಡಿಗ್ರಿಯಲ್ಲಿ ಇಡುತ್ತೇನೆ. ಡಿಎಂಎಸ್‌ಒ 18 ಡಿಗ್ರಿಯ ಹತ್ತಿರವೇ ಗಟ್ಟಿಯಾಗುತ್ತದೆ. ಅರ್ಧ ಕರಗಿದ್ದನ್ನು ಪಿಪೆಟ್ ಮಾಡಿದರೆ ಡೋಸ್ ಲೆಕ್ಕಕ್ಕೇ ಸಿಗದು.

ನನಗೆ ಬೇಕಾದದ್ದು 20 ನ್ಯಾನೋಮೋಲಾರ್. ಸ್ಟಾಕಿನಿಂದ 2 ಮೈಕ್ರೋಲೀಟರ್ ತೆಗೆದು 98 ಮೈಕ್ರೋಲೀಟರ್ ಡಿಎಂಎಸ್‌ಒಗೆ ಸೇರಿಸುತ್ತೇನೆ. ಇಲ್ಲಿ ನೀರಾಗಲಿ ಪಿಬಿಎಸ್ (ಫಾಸ್ಫೇಟ್ ಬೆರೆತ ಉಪ್ಪುನೀರು) ಆಗಲಿ ಬೇಡ, ಔಷಧಿ ನೀರಿನಲ್ಲಿ ಕರಗದೆ ಕೂರುತ್ತದೆ. ಆ ಮಿಶ್ರಣದ 2 ಮೈಕ್ರೋಲೀಟರನ್ನು ಕೋಶಗಳಿರುವ 2 ಮಿ.ಲೀ. ಮೀಡಿಯಂಗೆ (ಪೋಷಕ ದ್ರವ) ಹಾಕಿದರೆ ಡಿಎಂಎಸ್‌ಒ 0.1 ಶೇಕಡಾ ಆಗುತ್ತದೆ. ಕಂಟ್ರೋಲ್ ಬಾವಿಗೂ (ಹೋಲಿಕೆಗೆ ಔಷಧಿ ಹಾಕದೆ ಇಡುವ ಪ್ಲೇಟಿನ ಗುಳಿ) ಅಷ್ಟೇ ಬರಿ ಡಿಎಂಎಸ್‌ಒ.

ಈ ಪ್ರಯೋಗ ಹೆಚ್ಚಾಗಿ ಕೆಡುವುದು ಔಷಧಿಯಿಂದಲ್ಲ, ಕಂಟ್ರೋಲಿನಿಂದ. ಕೋಶಗಳು ತುಂಬಿ ಮೀಡಿಯಂ ಹಳದಿಗೆ ತಿರುಗಿದ್ದರೆ ಅಮೈನೋ ಆಮ್ಲ ಖಾಲಿಯಾಗುತ್ತಾ ಬಂದಿರುತ್ತದೆ, ಎಂಟಾರ್ ಆಗಲೇ ತಗ್ಗಿರುತ್ತದೆ. ಕಂಟ್ರೋಲ್ ಬ್ಯಾಂಡೇ ಮಸುಕಾದರೆ ಔಷಧಿ ಏನು ಮಾಡಿತು ಅಂತ ಹೇಗೆ ಹೇಳುವುದು? ನಾನು ಬಳಸುವ ಎಚ್‌ಇಕೆ293 ಕೋಶ (ಮನುಷ್ಯರ ಕಿಡ್ನಿಯಿಂದ ಬಂದ ಲ್ಯಾಬ್ ಕೋಶ) ಬಾವಿಯ ತಳದ ಶೇಕಡಾ 70ರಷ್ಟು ಹರಡಿರುವಾಗಲೇ ಹಿಡಿಯುತ್ತೇನೆ. ಎರಡು ಗಂಟೆ ಮೊದಲು ಎಲ್ಲ ಬಾವಿಗೂ ಒಟ್ಟಿಗೇ, 10 ಶೇಕಡಾ ಸೀರಂ ಇರುವ ಹೊಸ ಮೀಡಿಯಂ. ಆಮೇಲೆ ಔಷಧಿ, ಒಂದು ಗಂಟೆ.

ತೊಳೆಯುವುದು ತಣ್ಣನೆ ಪಿಬಿಎಸ್‌ನಲ್ಲಿ, ಐಸ್ ಮೇಲೆ, ಒಂದೇ ಸಲ. ಪಿಬಿಎಸ್‌ನಲ್ಲಿ ಅಮೈನೋ ಆಮ್ಲ ಇಲ್ಲ, ಪ್ಲೇಟನ್ನು ಅದರಲ್ಲೇ ಬಿಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ. ಕೋಶ ಒಡೆಯುವ ಲೈಸಿಸ್ ಬಫರಿಗೆ ಸೋಡಿಯಂ ಫ್ಲೋರೈಡ್, ಬೀಟಾ-ಗ್ಲಿಸರೋಫಾಸ್ಫೇಟ್, ವನಾಡೇಟ್ ಅದೇ ದಿನ ಸೇರಿಸಬೇಕು. ಇಲ್ಲದಿದ್ದರೆ ಕೋಶದ ಫಾಸ್ಫಟೇಸ್‌ಗಳೇ ನಾವು ನೋಡಬೇಕಾದ ಫಾಸ್ಫೇಟ್ ಕಿತ್ತುಹಾಕುತ್ತವೆ.

ಬ್ಲಾಟಿನಲ್ಲಿ ಮೊದಲು ನೋಡುವುದು ಎಸ್6 ಕೈನೇಸಿನ ಥ್ರಿಯೋನಿನ್ 389, ಈ ಪ್ರೋಟೀನಿಗೆ ಎಂಟಾರ್ ಫಾಸ್ಫೇಟ್ ಅಂಟಿಸುವ ಜಾಗ. 70 ಕಿಲೋಡಾಲ್ಟನ್ ಹತ್ತಿರದ ಬ್ಯಾಂಡ್ ಪೂರ್ತಿ ಹೋಗಬೇಕು. ಅದೇ ಸ್ಯಾಂಪಲಿನಲ್ಲಿ ಒಟ್ಟು ಎಸ್6 ಕೈನೇಸ್ ನೋಡಿದರೆ ಬ್ಯಾಂಡ್ ಇರುತ್ತದೆ, ಆದರೆ ಕೂದಲೆಳೆಯಷ್ಟು ಕೆಳಗೆ ಇಳಿದಿರುತ್ತದೆ. ಫಾಸ್ಫೇಟ್ ಕಳಚಿದ ಪ್ರೋಟೀನ್ ಜೆಲ್‌ನಲ್ಲಿ ಬೇಗ ಓಡುತ್ತದೆ. ಔಷಧಿ ಹತ್ತಿದೆ ಅನ್ನಲು ನಾನು ಹೆಚ್ಚು ನಂಬುವುದು ಈ ಇಳಿತವನ್ನೇ. ಬ್ಲಾಕಿಂಗ್‌ಗೆ (ಆಂಟಿಬಾಡಿ ಎಲ್ಲೆಂದರಲ್ಲಿ ಅಂಟದ ಹಾಗೆ ಮಾಡಲು) ಹಾಲಿನ ಪುಡಿ ಬದಲು 5 ಶೇಕಡಾ ಬಿಎಸ್‌ಎ (ಹಸುವಿನ ಸೀರಂ ಪ್ರೋಟೀನ್) ಬಳಸಿ, ಹಾಲಿನ ಕೇಸೀನೇ ಒಂದು ಫಾಸ್ಫೋಪ್ರೋಟೀನ್.

ಎಂಟಾರ್ ಫಾಸ್ಫೇಟ್ ಅಂಟಿಸುವ ಇನ್ನೊಂದು ಪ್ರೋಟೀನ್ 4ಇ-ಬಿಪಿ1ರ ಥ್ರಿಯೋನಿನ್ 37/46 ಬ್ಯಾಂಡ್ ಮಾತ್ರ ಹೆಚ್ಚೇನೂ ತಗ್ಗದು. ಔಷಧಿ ಹಾಳಾಗಿದೆ ಅಂತ ವಯಲ್ ಬಿಸಾಡಬೇಡಿ, ರಾಪಾಮೈಸಿನ್ ಆ ಜಾಗವನ್ನು ಅರೆಬರೆಯಾಗಿಯೇ ತಡೆಯುತ್ತದೆ. ಪಕ್ಕದ ಲೇನಿನಲ್ಲಿ ಎಂಟಾರ್ ಕೈನೇಸನ್ನೇ ನೇರವಾಗಿ ತಡೆಯುವ ಟೋರಿನ್1 ಅನ್ನು 250 ನ್ಯಾನೋಮೋಲಾರ್ ಕೊಟ್ಟ ಸ್ಯಾಂಪಲ್ ಓಡಿಸಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಇನ್ನು ಎಕೆಟಿ ಎಂಬ ಕೈನೇಸಿನ ಸೆರಿನ್ 473, ಎಂಟಾರ್ ಬೇರೆ ಪ್ರೋಟೀನುಗಳ ಜೊತೆ ಕೂಡಿ ಆಗುವ ಎರಡನೇ ಸಂಕೀರ್ಣ ಫಾಸ್ಫೇಟ್ ಅಂಟಿಸುವ ಜಾಗ. ಒಂದು ಗಂಟೆಗೆ ಅದು ಏರಬಹುದು, ಎಸ್6 ಕೈನೇಸ್ ಹಾಕುತ್ತಿದ್ದ ಕಡಿವಾಣ ಬಿಟ್ಟುಹೋಗಿರುತ್ತದೆ. 24 ಗಂಟೆ ಇಟ್ಟರೆ ಕೆಲವು ಕೋಶಗಳಲ್ಲಿ ಇಳಿಯುತ್ತದೆ, ಎಂಟಾರ್‌ನ ಎರಡನೇ ಸಂಕೀರ್ಣ ಹೊಸದಾಗಿ ಕೂಡಿಕೊಳ್ಳಲು ಆಗುವುದಿಲ್ಲ. ಆದ್ದರಿಂದ 24 ಗಂಟೆಯ ಸ್ಯಾಂಪಲಿಗೆ 24 ಗಂಟೆಯದೇ ಡಿಎಂಎಸ್‌ಒ ಕಂಟ್ರೋಲ್ ಇಡುತ್ತೇನೆ. ಒಂದು ಗಂಟೆಯದರ ಜೊತೆ ಹೋಲಿಸುವುದಿಲ್ಲ.